ಆಮೆನ್ ಬರೆಯುವ ಮುಂಚೆ

"ಬೈಬಲ್ ಇದೆಯಲ್ಲ ಅಕ್ಕಾ, ಅದರ ಮೇಲೆ ನೀವು ಬೇರೆ ಯಾಕೆ ಬರೀತೀರಿ?"

ನಮ್ಮ ಜೀನ್ಸ್ ಯೂನಿಟ್‌ನಲ್ಲಿ ಬೆಲ್ಟ್ ಹೊಲಿಯುವ ಹುಡುಗಿ ಕೇಳಿದ ಪ್ರಶ್ನೆ ಇದು. ತಮಾಷೆಗೆ ಕೇಳಿದ್ದಲ್ಲ. ಊಟದ ಬಿಡುವಿನಲ್ಲಿ ನಾನು ನೋಟ್‌ಬುಕ್ ತೆಗೆದು ಕೂರುವುದನ್ನು ಅವಳು ದಿನಾ ನೋಡುತ್ತಿದ್ದಳು. ಆಗ ನನಗೆ ಉತ್ತರ ಹೊಳೆಯಲಿಲ್ಲ. ಯಾಕೆ ಅನ್ನೋದು ಈಗಲೂ ಪೂರ್ತಿ ಗೊತ್ತಿಲ್ಲ. ನನ್ನ ಧ್ಯಾನದ ಪುಸ್ತಕವನ್ನು ಹೇಗೆ ಬರೆದೆ ಅನ್ನೋದನ್ನು ಮಾತ್ರ ಹೇಳಬಲ್ಲೆ.

ನಾನು ಬಳ್ಳಾರಿಯ ಕೌಲ್ ಬಜಾರಿನವಳು. ಯೂನಿಟ್‌ನಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಯಾರು ಎಷ್ಟು ಪೀಸ್ ಹೊಲಿದರು, ಯಾರಿಗೆ ಎಷ್ಟು ಅಡ್ವಾನ್ಸ್ ಹೋಯಿತು, ವಾಷಿಂಗಿಗೆ ಎಷ್ಟು ಬಂಡಲ್ ಹೋಯಿತು, ಇಡೀ ದಿನ ಇದೇ. ಓದಿದ್ದು ಪಿಯುಸಿವರೆಗೆ. ದೈವಶಾಸ್ತ್ರ ಕಲಿತವಳಲ್ಲ, ಪ್ರಸಂಗ ಮಾಡುವವಳೂ ಅಲ್ಲ. ಸಭೆಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಎದ್ದು ನಿಂತು ದೇವರು ಮಾಡಿದ್ದರ ಸಾಕ್ಷಿ ಹೇಳು ಅಂದರೆ ಈಗಲೂ ಕಾಲು ನಡುಗುತ್ತವೆ.

ಧ್ಯಾನದ ಪುಸ್ತಕ ಅಂದರೆ ಕ್ರೈಸ್ತರ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ದಿನಕ್ಕೊಂದು ಓದು. ಮೇಲೆ ಒಂದು ವಚನ, ಅದರ ಕೆಳಗೆ ನಾಲ್ಕು ಮಾತು, ಕೊನೆಗೆ ಚಿಕ್ಕ ಪ್ರಾರ್ಥನೆ. ಬೆಳಿಗ್ಗೆ ಟೀ ಕುದಿಯುವಷ್ಟರಲ್ಲಿ ಓದಿ ಮುಗಿಯಬೇಕು. ನಮ್ಮ ಮನೆಯಲ್ಲಿ ಇಂಥವು ಬೇಕಾದಷ್ಟಿವೆ. ಅರ್ಧ ತೆಲುಗಿನವು. ಬಳ್ಳಾರಿಯ ಎಷ್ಟೋ ಕ್ರೈಸ್ತ ಮನೆಗಳಲ್ಲಿ ಹಾಡು ತೆಲುಗಿನಲ್ಲಿ, ಬೈಬಲ್ ಓದು ಕನ್ನಡದಲ್ಲಿ, ಜಗಳ ಎರಡರಲ್ಲೂ. ಇನ್ನರ್ಧ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದವು. ಅವುಗಳಲ್ಲಿ ಹಿಮ ಬೀಳುತ್ತಿರುತ್ತದೆ. ಯಾರೋ ಅಜ್ಜ ಬೆಂಕಿ ಕಾಯಿಸುತ್ತಾ ಮೊಮ್ಮಗನಿಗೆ ಬುದ್ಧಿ ಹೇಳುತ್ತಿರುತ್ತಾನೆ. ಏಪ್ರಿಲ್ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೇ ತಗಡು ಕಾಯುವ ಮನೆಯಲ್ಲಿ ಇದನ್ನು ಓದಿದರೆ ನಮ್ಮ ಅತ್ತೆ ಬೀಸಣಿಗೆ ಬೀಸಿಕೊಳ್ಳುತ್ತಾ ನಗುತ್ತಾರೆ. ಕೆಟ್ಟ ಪುಸ್ತಕ ಅಂತಲ್ಲ. ಅವನ್ನು ಓದಿಕೊಂಡೇ ಬೆಳೆದವಳು ನಾನು. ಆದರೆ ಅವುಗಳಲ್ಲಿ ನಮ್ಮ ಓಣಿ ಇರಲಿಲ್ಲ.

ಶುರುವಾಗಿದ್ದು 2024ರ ಲೆಂಟ್ ಕಾಲಕ್ಕೆ, ಅಂದರೆ ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ಎಣಿಸಿದರೆ 46 ದಿನ. ನಡುವಿನ ಆರು ಭಾನುವಾರ ಬಿಟ್ಟರೆ 40. ಯೇಸು ಅಡವಿಯಲ್ಲಿ 40 ದಿನ ಉಪವಾಸ ಇದ್ದದ್ದರ ನೆನಪು ಅದು. ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಮಹಿಳಾ ಕೂಟದಲ್ಲಿ, "ಈ ಸಲ ಪುಸ್ತಕ ಕೊಳ್ಳೋದು ಬೇಡ. ದಿನಕ್ಕೊಬ್ಬರು ಒಂದೊಂದು ಪುಟ ಬರೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿರಮ್ಮಾ" ಅಂದರು. ಮೊದಲ ವಾರ ಎಲ್ಲರೂ ಹುರುಪಿನಿಂದ ಬರೆದರು. ಎರಡನೇ ವಾರ "ನಂದೂ ನೀನೇ ಬರೆದುಬಿಡವ್ವಾ" ಅನ್ನುವ ಫೋನ್‌ಗಳು ಬರತೊಡಗಿದವು. ಹೀಗೆ ಬೇರೆಯವರ ಪಾಲಿನ ದಿನಗಳೂ ನನ್ನ ತಲೆಗೆ ಬಂದವು. ಬೇಜಾರು ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಬರೆಯುವ ದಾರಿ ನನಗೆ ಸಿಕ್ಕಿದ್ದು ಅತ್ತೆಯವರಿಂದ. ಅವರಿಗೆ ಓದು ಬರುವುದಿಲ್ಲ. ರಾತ್ರಿ ಊಟ ಆದಮೇಲೆ ಮರುದಿನದ ಬೈಬಲ್ ಭಾಗವನ್ನು ಅವರಿಗೆ ಗಟ್ಟಿಯಾಗಿ ಓದುತ್ತಿದ್ದೆ. ಒಂದು ದಿನ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ. ಸಮಾರ್ಯದ ಹೆಂಗಸು ನೀರಿಗೆ ಬರುತ್ತಾಳೆ, ಬಾವಿಯ ಹತ್ತಿರ ದಣಿದು ಕೂತಿದ್ದ ಯೇಸು ಅವಳನ್ನು ನೀರು ಕೇಳುತ್ತಾನೆ. ಹೊತ್ತು ಮಧ್ಯಾಹ್ನ. ನಾನು ಮುಂದೆ ಓದುತ್ತಿದ್ದೆ, ಅತ್ತೆ ತಡೆದರು.

"ಅಲ್ಲವ್ವಾ, ಮಟಮಟ ಮಧ್ಯಾಹ್ನ ಯಾರು ನೀರಿಗೆ ಹೋಗ್ತಾರ? ಈಕಿಗೆ ಓಣಿ ಹೆಂಗಸರ ಕಾಟ ಇರ್ಬೇಕು."

ದೊಡ್ಡ ದೊಡ್ಡ ವ್ಯಾಖ್ಯಾನಗಳಲ್ಲೂ ಇದೇ ಮಾತು ಇದೆ. ಐದು ಮದುವೆಯಾಗಿ ಈಗ ಆರನೆಯವನ ಜೊತೆ ಇರುವವಳು, ಅದಕ್ಕೇ ಬೇರೆ ಹೆಂಗಸರು ಬಾರದ ಹೊತ್ತು ನೋಡಿ ಬಂದಳು ಅಂತ ಎಷ್ಟೋ ಜನ ಬರೆದಿದ್ದಾರೆ. ಅತ್ತೆ ಅದ್ಯಾವುದನ್ನೂ ಕೇಳಿದವರಲ್ಲ. ಬಳ್ಳಾರಿಯ ಬಿಸಿಲಿನಲ್ಲಿ ಕೊಡ ಹೊತ್ತ ಅನುಭವ ಇತ್ತು, ಅಷ್ಟೇ. ನಾನು ಮರುದಿನದ ಪುಟವನ್ನು ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಗುಂಪಿನಲ್ಲಿ ಯಾವತ್ತೂ ಹೆಬ್ಬೆರಳು ಬಿಟ್ಟು ಬೇರೇನೂ ಒತ್ತದ ಹೆಂಗಸರು ಅವತ್ತು ವಾಯ್ಸ್ ಮೆಸೇಜ್ ಕಳಿಸಿದರು. ನಲ್ಲಿ ಹತ್ತಿರ ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ ಅನ್ನೋದೆಲ್ಲ ಹೊರಗೆ ಬಂತು. ಅಯ್ಯನವರು ಗಾಬರಿಯಾಗಿ "ಇಲ್ಲಿ ಪ್ರಾರ್ಥನೆ ಮಾತ್ರ ಹಾಕಿ" ಅಂತ ಬರೆದರು.

ಅಲ್ಲಿಂದ ನನ್ನ ಕೆಲಸಕ್ಕೆ ಒಂದು ಕ್ರಮ ಬಂತು. ಮೊದಲು ಭಾಗವನ್ನು ಗಟ್ಟಿಯಾಗಿ ಓದಬೇಕು, ಕಣ್ಣಲ್ಲಿ ಓದಿದರೆ ಸಾಲದು. ಎಲ್ಲಿ ಯಾರಾದರೂ ತಡೆಯುತ್ತಾರೋ ಅಲ್ಲಿ ಪೆನ್ಸಿಲ್ ಗುರುತು. ಆ ಗುರುತಿನ ಸುತ್ತ ಮಾತ್ರ ಬರೆಯಬೇಕು. ಇಡೀ ಅಧ್ಯಾಯ ವಿವರಿಸುವುದು ಅಯ್ಯನವರ ಕೆಲಸ. ಪ್ರಾರ್ಥನೆಯನ್ನು ಕೊನೆಗೇ ಬರೆಯುತ್ತಿದ್ದೆ. ಅದೇ ಎಲ್ಲಕ್ಕಿಂತ ಕಷ್ಟ. ಮೇಲಿನ ಮಾತು ಹೇಗೋ ಬರುತ್ತದೆ, ಓದುವವರಿಗೆ ಹೇಳೋದು ತಾನೇ. ಪ್ರಾರ್ಥನೆ ಹಾಗಲ್ಲ. "ಕರ್ತನೇ, ನಿನ್ನ ಚಿತ್ತವೇ ಆಗಲಿ" ಅಂತ ಬರೆಯಲು ಅರ್ಧ ನಿಮಿಷ ಸಾಕು. ಅದನ್ನು ನಾನು ನಿಜವಾಗಿ ಕೇಳುತ್ತಿದ್ದೇನಾ? ಕೇಳದೇ ಇದ್ದರೆ ಹಾಕಬಾರದು. ಹಾಗಾಗಿ ಕೆಲವು ಪುಟಗಳಲ್ಲಿ ಪ್ರಾರ್ಥನೆ ಒಂದೇ ಸಾಲು.

ಯೂನಿಟ್‌ನಲ್ಲಿ ಹೊಲಿಯುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಅಲ್ಲೂ ಕೆಲವನ್ನು ಓದಿ ನೋಡುತ್ತಿದ್ದೆ, ಕಥೆ ಅಂತ ಕೇಳುತ್ತಿದ್ದರು. ಮತ್ತಾಯನ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಗಳ ಸಾಮ್ಯ, ಅಂದರೆ ಯೇಸು ಹೇಳಿದ ಕಥೆ, ಓದಿದ ದಿನ ದೊಡ್ಡ ಗಲಾಟೆಯೇ ಆಯಿತು. ತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕೂಲಿಗೆ ಕರೆಯುತ್ತಾನೆ, ಹೊತ್ತೇರಿದ ಮೇಲೆ ಕೆಲವರನ್ನು, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗಲು ಒಂದು ತಾಸು ಇದ್ದಾಗ ಇನ್ನೂ ಕೆಲವರನ್ನು. ಸಂಜೆ ಎಲ್ಲರಿಗೂ ಒಂದೇ ಕೂಲಿ.

"ಇದು ಅನ್ಯಾಯ ಅಕ್ಕಾ" ಅಂದಳು ಓವರ್‌ಲಾಕ್ ಮಷಿನ್ನಿನ ಹೆಂಗಸು. "ನಮ್ಮ ಓನರ್ ಹೀಗೆ ಮಾಡಿದರೆ ನಾಳೆ ಬೆಳಿಗ್ಗೆ ಯಾರು ಬರ್ತಾರೆ? ಎಲ್ಲಾ ಸಂಜೆಗೇ ಬರ್ತಾರೆ."

ಪೀಸ್ ಲೆಕ್ಕದಲ್ಲಿ ಬದುಕುವವರಿಗೆ ಈ ಕಥೆ ರುಚಿಸುವುದಿಲ್ಲ. ಲೆಕ್ಕ ಬರೆಯುವ ನನಗಂತೂ ಮೊದಲಿನಿಂದಲೂ ಇದು ಕಸಿವಿಸಿ. ಪುಸ್ತಕಗಳಲ್ಲಿ ಓದಿದ್ದ ಉತ್ತರ ಹೇಳಿದೆ. ಇದು ದೇವರ ಕೃಪೆಯ ಬಗ್ಗೆ, ಸಂಬಳದ ಬಗ್ಗೆ ಅಲ್ಲ ಅಂತ. ಯಾರೂ ಒಪ್ಪಲಿಲ್ಲ. ಆಗ ದಾರ ಕತ್ತರಿಸುತ್ತಾ ನೆಲದ ಮೇಲೆ ಕೂತಿದ್ದ ವಯಸ್ಸಾದ ಹೆಂಗಸು ತಲೆ ಎತ್ತದೇ ಅಂದಳು: "ಸಂಜೀತನಕ ಕೆಲಸ ಸಿಗದ ನಿಂತಾಕಿ ಹೊಟ್ಟಿಗೂ ಅಷ್ಟೇ ಬೇಕಲ್ಲವ್ವಾ."

ಆಕೆ ಮೊದಲು ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗುತ್ತಿದ್ದವಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಸರ್ಕಲ್ಲಿನಲ್ಲಿ ನಿಂತು, ಯಾರೂ ಕರೆಯದೆ ಬುತ್ತಿ ಸಮೇತ ಮನೆಗೆ ಬಂದ ದಿನಗಳನ್ನು ಕಂಡವಳು. ನಾನು ಬೈಬಲ್ ಮತ್ತೆ ತೆಗೆದು ನೋಡಿದೆ. ಯಜಮಾನ "ದಿನವೆಲ್ಲಾ ಸುಮ್ಮನೆ ಯಾಕೆ ನಿಂತಿದ್ದೀರಿ" ಅಂದಾಗ ಅವರು "ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ" ಅನ್ನುತ್ತಾರೆ. ಆ ಮಾತು ಅಲ್ಲೇ ಇತ್ತು. ಇಷ್ಟು ವರ್ಷ ನಾನು ಬೆಳಿಗ್ಗೆ ಬಂದವರ ಜೊತೆಗೇ ನಿಂತು ಓದಿದ್ದೆ. ಪುಸ್ತಕದಲ್ಲಿ ಆ ಪುಟ ಆಕೆಯದೇ. ಹೆಸರು ಹಾಕಲೇ ಅಂತ ಕೇಳಿದೆ. "ನನ್ನ ಹೆಸರು ಯಾಕ, ಸುಮ್ನಿರು" ಅಂದಳು.

ಲೆಂಟ್ ಮುಗಿದ ಮೇಲೆ ಅಯ್ಯನವರೇ "ಇದನ್ನು ಪುಸ್ತಕ ಮಾಡೋಣಮ್ಮಾ, ಮುಂದಿನ ಲೆಂಟಿಗೆ" ಅಂದರು. ಗುಂಪಿಗೆ ಹಾಕಿದ್ದು ಬೇರೆ, ಅಚ್ಚು ಬೇರೆ ಅಲ್ವಾ. ಎಲ್ಲವನ್ನೂ ತೆಗೆದು ಮತ್ತೆ ಬರೆಯಲು ಕೂತೆ. ಮಳೆಗಾಲ ಬಂತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಣೆಕಟ್ಟಿಗೆ ಇರುವುದು 33 ಗೇಟು. ಒಂದು ಹೋದರೂ ತುಂಬಿದ ನೀರು ನದಿಗೆ. ಸಿರುಗುಪ್ಪ, ಕಂಪ್ಲಿ ಕಡೆಯ ಸಭೆಗಳಲ್ಲಿ ಭತ್ತದ ರೈತರು ಜಾಸ್ತಿ. ಎಲ್ಲರಿಗೂ ಬೆಳೆಯ ಚಿಂತೆ. ಆ ವಾರ ನನಗೆ ಬಂದ ಸಲಹೆಗಳು ಒಂದೆರಡಲ್ಲ. "ಇದು ದೇವರ ಎಚ್ಚರಿಕೆ ಅಂತ ಬರೀರಿ ಸಿಸ್ಟರ್, ಜನ ಪಶ್ಚಾತ್ತಾಪ ಪಡಲಿ."

ನಾನು ಬರೆಯಲಿಲ್ಲ. ಚೈನ್ ಹಳೆಯದಾಗಿತ್ತು, ತುಂಡಾಯಿತು. ದೇವರು ಯಾಕೆ ಬಿಟ್ಟ ಅನ್ನೋದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ದೇವರ ಹೆಸರಿನಲ್ಲಿ ಬರೆಯಲು ಭಯ ಆಗುತ್ತದೆ, ಆಗಲೂಬೇಕು. ಅದರ ಬದಲು ಹಬಕ್ಕೂಕನ ಕೊನೆಯ ಅಧ್ಯಾಯ ತೆಗೆದುಕೊಂಡೆ. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಹಟ್ಟಿಯಲ್ಲಿ ದನ ಇಲ್ಲದಿದ್ದರೂ ದೇವರಲ್ಲಿ ಹಿಗ್ಗುತ್ತೇನೆ ಅನ್ನುತ್ತಾನೆ ಆ ಪ್ರವಾದಿ. ಇದನ್ನು ಹೊಲ ಇಲ್ಲದ ನಾನು ಹೇಳಿದರೆ ಏನು ಬೆಲೆ? ಸಿರುಗುಪ್ಪ ಕಡೆಯ ರೈತರೊಬ್ಬರಿಗೆ ಫೋನ್ ಮಾಡಿ ಓದಿದೆ. "ಅವನು ಹೇಳ್ಯಾನ, ನನಗ ಈ ವಾರ ಆಗಂಗಿಲ್ಲ" ಅಂದರು. ಅದನ್ನೇ ಬರೆದುಕೊಂಡೆ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿ ನೀರು ನಿಲ್ಲಿಸಿದರು. ಅವರು ತಾವೇ ಫೋನ್ ಮಾಡಿ, "ಈಗ ಆಗ್ತದ, ಆದ್ರ ಮೊದಲು ಹೇಳಿದ್ದನ್ನ ತೆಗೀಬ್ಯಾಡ" ಅಂದರು. ಎರಡೂ ಪುಸ್ತಕದಲ್ಲಿವೆ.

ಆಮೇಲೆ ಮೈದುನನ ಕಥೆ. ಅವನಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್. ಸಭೆಯೆಲ್ಲ ಉಪವಾಸ ಪ್ರಾರ್ಥನೆ ಮಾಡಿತು. ತೆಲುಗು ಸಭೆಯವರು, ಪಕ್ಕದ ಓಣಿಯ ಕೆಥೋಲಿಕರು, ದರ್ಗಾಕ್ಕೆ ಹೋಗುವ ನಮ್ಮ ಕಟಿಂಗ್ ಮಾಸ್ಟರ್ ಕೂಡ ಅವರವರ ರೀತಿಯಲ್ಲಿ ಕೇಳಿಕೊಂಡರು. ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ನಕ್ಷತ್ರ ಕಟ್ಟುವ ಹೊತ್ತಿಗೆ ಅವನು ತೀರಿಕೊಂಡ. ಇಬ್ಬರು ಸಣ್ಣ ಮಕ್ಕಳು.

ನನ್ನ ಹಸ್ತಪ್ರತಿಯಲ್ಲಿ "ಬೇಡಿಕೊಳ್ಳಿರಿ, ನಿಮಗೆ ದೊರೆಯುವದು" ಅನ್ನುವ ವಚನಕ್ಕೆ ಒಂದು ಪುಟ ಮೊದಲೇ ಬರೆದಿತ್ತು. ಚೆನ್ನಾಗಿಯೇ ಇತ್ತು. ಆದರೆ ಅದನ್ನು ಓರಗಿತ್ತಿಯ ಮುಂದೆ ಗಟ್ಟಿಯಾಗಿ ಓದಲು ನನಗೆ ಆಗುತ್ತದಾ? ಆಗುವುದಿಲ್ಲ. ನೋಟ್‌ಬುಕ್ ಮುಚ್ಚಿಟ್ಟೆ. ಯೂನಿಟ್‌ನಲ್ಲಿ ಲೆಕ್ಕದ ಪುಸ್ತಕ ಬಿಟ್ಟರೆ ಬೇರೇನೂ ಬರೆಯಲಿಲ್ಲ. ಪ್ರಾರ್ಥನೆಯೂ ಅಷ್ಟಕ್ಕಷ್ಟೇ. ಅತ್ತೆ ಮಾತ್ರ ದಿನಾ ರಾತ್ರಿ ಬಂದು ಕೂರುತ್ತಿದ್ದರು. ಮಗನನ್ನು ಕಳಕೊಂಡವರು ಅವರು. "ಏನಾದ್ರೂ ಓದು" ಅನ್ನುತ್ತಿದ್ದರು.

ಅಯ್ಯನವರು ಮನೆಗೆ ಬಂದಾಗ ಪುಸ್ತಕ ಬೇಡ ಅಂದೆ. ಅವರು ವಾದ ಮಾಡಲಿಲ್ಲ. "88ನೇ ಕೀರ್ತನೆ ಓದಿ, ಅಷ್ಟೇ" ಅಂತ ಹೇಳಿ ಟೀ ಕುಡಿದು ಹೋದರು. ಬೈಬಲಿನ 150 ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳು ಬಹಳ ಇವೆ. ಹೆಚ್ಚಿನವು ಕೊನೆಗೆ ತಿರುಗಿಕೊಳ್ಳುತ್ತವೆ, ಅಳು ಸ್ತೋತ್ರ ಆಗುತ್ತದೆ. 88 ಹಾಗಲ್ಲ. ದೇವರನ್ನು ಹಗಲೂ ರಾತ್ರಿ ಕೂಗಿದೆ, ನೀನು ಮುಖ ಮರೆಸಿಕೊಂಡೆ, ಆಪ್ತರನ್ನು ದೂರ ಮಾಡಿದೆ ಅನ್ನುತ್ತಾ ಕತ್ತಲಲ್ಲೇ ಮುಗಿಯುತ್ತದೆ. ಅತ್ತೆಗೆ ಓದಿದೆ. ಅವರು ಈ ಸಲ ತಡೆಯಲಿಲ್ಲ. ಮುಗಿದ ಮೇಲೆ "ಇನ್ನೊಂದ್ಸಲ ಓದು" ಅಂದರು.

ಆ ವಾರ ಹಳೆಯ ಪುಟ ಹರಿದು, 88ನೇ ಕೀರ್ತನೆಗೆ ಹೊಸದು ಬರೆದೆ. ನಾವು ಕೇಳಿದೆವು, ಸಿಗಲಿಲ್ಲ ಅಂತ ಬರೆದೆ. ಸಮಾಧಾನದ ಮಾತು ಹಾಕಲಿಲ್ಲ. ನನ್ನ ಹತ್ತಿರ ಇರಲಿಲ್ಲ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಈ ಪಾತ್ರೆ, ಅಂದರೆ ಬರಲಿದ್ದ ಸಂಕಟ, ತನ್ನಿಂದ ತೊಲಗಲಿ ಅಂತ ಕೇಳಿದ, ತೊಲಗಲಿಲ್ಲ ಅನ್ನುವುದನ್ನು ಮಾತ್ರ ಜೊತೆಗಿಟ್ಟೆ.

ಅಚ್ಚಿಗೆ ಹೋಗುವ ಮುಂಚೆ ಸಭೆಯ ಹಿರಿಯರು ಓದಿದರು. ಉಳಿದ 39 ಪುಟಕ್ಕೆ ತಕರಾರಿಲ್ಲ. ಈ ಒಂದಕ್ಕೆ, "ಓದುವವರ ನಂಬಿಕೆ ಕುಂದುತ್ತದಮ್ಮಾ. ಕೊನೆಗೆ ಒಂದು ನಿರೀಕ್ಷೆಯ ಮಾತು ಸೇರಿಸಿ" ಅಂದರು ಒಬ್ಬರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರೂ ಮಗಳನ್ನು ಕಳಕೊಂಡವರೇ. ನಾನು "ನನಗೆ ಇರುವಷ್ಟನ್ನೇ ಬರೆದಿದ್ದೀನಿ ಅಣ್ಣಾ, ಇಲ್ಲದ್ದನ್ನು ಸಾಲ ತಂದು ಹೇಗೆ ಹಾಕಲಿ" ಅಂದೆ. ಅಯ್ಯನವರು "ಕೀರ್ತನೆಯೇ ಹಾಗೆ ಮುಗಿದಿದೆ. ನಾವು ತಿದ್ದೋದು ಬೇಡ" ಅಂದರು. ಬಹಳ ಹೊತ್ತಿನ ಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಮಾರ್ಕನ ಒಂಬತ್ತನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಪ್ರಾರ್ಥನೆಯ ಜಾಗದಲ್ಲಿ ಆ ಒಂದು ಕೂಗು. ಅದನ್ನು ನಾನು ನಿಜವಾಗಿ ಹೇಳಬಲ್ಲೆ. ಅದರ ಕೆಳಗೆ ಆಮೆನ್ ಬರೆದೆ.

ಇನ್ನು ಅಚ್ಚಿನ ಕೆಲಸ. ನೋಟ್‌ಬುಕ್ ನೋಡಿ ಅಕ್ಕನ ಮಗ ಫೋನಿನಲ್ಲಿ ಟೈಪ್ ಮಾಡಿದ. ಡಿಟಿಪಿ ಅಂಗಡಿಯಲ್ಲಿ ಅದನ್ನು ನುಡಿ ಅನ್ನುವ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿದಾಗ ಅರ್ಕಾವತ್ತುಗಳೆಲ್ಲ ಎಲ್ಲೆಲ್ಲಿಗೋ ಹೋದವು. "ಕರ್ತನೇ" ಅನ್ನೋದು ಪ್ರತಿ ಪುಟದಲ್ಲೂ ಇದೆ, ಪ್ರತಿ ಪುಟದಲ್ಲೂ ಕೆಟ್ಟಿತ್ತು. ಅಂಗಡಿಯವರು "ಮೇಡಂ, ಅರ್ಥ ಆಗ್ತದಲ್ಲ" ಅಂದರು. ಪ್ರೂಫ್ ತಿದ್ದುವುದಕ್ಕೆ ಕೆಂಪು ಪೆನ್ನು ಖಾಲಿಯಾಯಿತು. ಅಕ್ಷರ 16 ಪಾಯಿಂಟ್ ಬೇಕು ಅಂತ ಹಟ ಹಿಡಿದೆ, ನಸುಕಿನಲ್ಲಿ ಕನ್ನಡಕ ಹುಡುಕದೇ ಓದುವಂತಿರಲಿ ಅಂತ. ದಿನಕ್ಕೆ ಎದುರುಬದುರು ಎರಡು ಪುಟ, 40 ದಿನಕ್ಕೆ 80. ಮುನ್ನುಡಿ, ಪರಿವಿಡಿ, ಬರೆದುಕೊಳ್ಳಲು ಖಾಲಿ ಹಾಳೆ ಸೇರಿ 96. ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಸರಿಯಾಗಿ ಆರು ಫಾರಂ. ನನ್ನ ಲೆಕ್ಕದ ಕೆಲಸ ಇಲ್ಲಿ ಉಪಯೋಗಕ್ಕೆ ಬಂತು.

ವಚನಗಳನ್ನು ಎತ್ತಿಕೊಳ್ಳಲು ಅನುಮತಿ ಕೇಳಿ ಅಯ್ಯನವರು ಬೆಂಗಳೂರಿನ ಬೈಬಲ್ ಸೊಸೈಟಿಗೆ ಪತ್ರ ಬರೆದರು. ಹಾಡಿನ ಸಾಲುಗಳನ್ನು ಮಾತ್ರ ಕೈಬಿಟ್ಟೆ. ಬರೆದವರು ತೀರಿಕೊಂಡು 60 ವರ್ಷ ಆಗುವವರೆಗೆ ಹಕ್ಕು ಇರುತ್ತದೆ, ಯಾವ ಹಾಡು ಯಾರದು ಅಂತ ಹುಡುಕುವುದೇ ದೊಡ್ಡ ಕೆಲಸ. ಐಎಸ್‌ಬಿಎನ್ ಅನ್ನುವ ಪುಸ್ತಕದ ಗುರುತಿನ ಸಂಖ್ಯೆ ಸರ್ಕಾರದಿಂದ ಪುಕ್ಕಟೆ ಸಿಗುತ್ತದೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು ಅಷ್ಟೇ. ಹಸ್ತಪ್ರತಿ ನೋಡಿದ ಕೆಥೋಲಿಕ್ ಗೆಳತಿ ಒಂದು ಮಾತು ಹೇಳಿದಳು. ಅವರ ಬೈಬಲ್‌ನಲ್ಲಿ 73 ಪುಸ್ತಕ, ನಮ್ಮದರಲ್ಲಿ 66. ನಾನು ಆರಿಸಿದ ಭಾಗಗಳೆಲ್ಲ ಎರಡರಲ್ಲೂ ಇರುವವೇ, ಹಾಗಾಗಿ ಅವರ ಕಡೆಯೂ ಓದಬಹುದು ಅಂತ. ಇದು ನನಗೆ ಹೊಳೆದೇ ಇರಲಿಲ್ಲ.

ಪ್ರೂಫ್ ನೋಡುವ ದಿನಗಳಲ್ಲೇ ಅಯ್ಯನವರು ನಮ್ಮ ಊರಿನ ಹಳೆಯ ಕಥೆ ಹೇಳಿದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಇಲ್ಲೇ ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತಂದವರು. ಜೊತೆಗಿದ್ದ ವಿಲಿಯಂ ರೀವ್ ಕನ್ನಡ ನಿಘಂಟು ಮಾಡಿದರು. ಮಿಷನ್ನಿನ ಅಚ್ಚುಕೂಟ ಈ ಊರಿನಲ್ಲೇ ಇತ್ತು. 1843ರಲ್ಲಿ ಮಂಗಳೂರಿನಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ ಮರುವರ್ಷ ಅಚ್ಚಾಗಲು ಬಂದದ್ದೂ ಬಳ್ಳಾರಿಗೇ. ಜೀನ್ಸ್ ಮತ್ತು ಗಣಿ ಬಿಟ್ಟರೆ ನಮ್ಮೂರಿನ ಬಗ್ಗೆ ಹೇಳಲು ಏನೂ ಇಲ್ಲ ಅಂದುಕೊಂಡಿದ್ದ ನನಗೆ ಇದು ಹಬ್ಬ. ಆದರೆ ಹ್ಯಾಂಡ್ಸ್ ಪಕ್ಕದಲ್ಲಿ ಕೂತು ಕನ್ನಡ ಹೇಳಿಕೊಟ್ಟ ಮುನ್ಷಿಗಳ ಬಗ್ಗೆ ಯಾರೂ ಇಷ್ಟು ಮಾತಾಡುವುದಿಲ್ಲ. ಅವರಿಗೆ ಆ ವಾಕ್ಯಗಳನ್ನು ಬರೆಸುವಾಗ ಏನನ್ನಿಸಿತ್ತೋ!

ಉತ್ತಂಗಿ ಚೆನ್ನಪ್ಪನವರ ಬಗ್ಗೆಯೂ ಆಗಲೇ ತಿಳಿದದ್ದು. ಹಡಗಲಿ ತಾಲ್ಲೂಕಿನ ಉತ್ತಂಗಿ ಅವರ ಮನೆತನದ ಊರು. 2021ರವರೆಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ತಾಲ್ಲೂಕು ಅದು. ಸಭಾಪಾಲಕರಾಗಿದ್ದುಕೊಂಡೇ ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿದವರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಕ್ರೈಸ್ತನಾಗಿರುವುದಕ್ಕೂ ಸರ್ವಜ್ಞನನ್ನು ಪ್ರೀತಿಸುವುದಕ್ಕೂ ಅವರಿಗೆ ಜಗಳ ಇರಲಿಲ್ಲ. ನನ್ನ ಮುನ್ನುಡಿಯಲ್ಲಿ ಅವರ ಹೆಸರು ಇದೆ. ಅದಕ್ಕೂ ಒಬ್ಬರು ಯಾಕೆ ಅಂತ ಕೇಳಿದರು, ಇರಲಿ.

2025ರ ಲೆಂಟ್ ಮಾರ್ಚ್ 5ಕ್ಕೆ ಶುರು. ಪುಸ್ತಕ ಅದರ ಹಿಂದಿನ ಭಾನುವಾರ ಸಭೆಗೆ ಬಂತು. 500 ಪ್ರತಿ, ಬೆಲೆ 60 ರೂಪಾಯಿ. ಅಚ್ಚಿನ ಖರ್ಚು ಹುಟ್ಟಿತು, ಅಷ್ಟೇ. 88ನೇ ಕೀರ್ತನೆಯ ಪುಟಕ್ಕೆ ದೂರು ಬಂದವು. ಬೆಳಿಗ್ಗೆ ಬೆಳಿಗ್ಗೆ ಇದನ್ನು ಓದಿ ಮನಸ್ಸು ಭಾರವಾಯಿತು ಅಂತ ಇಬ್ಬರು ಮುಖಕ್ಕೇ ಹೇಳಿದರು. ಕೊಪ್ಪಳದ ಕಡೆಯಿಂದ ಒಬ್ಬ ಹೆಂಗಸು ಫೋನ್ ಮಾಡಿ, ಆ ಪುಟವನ್ನೇ ದಿನಾ ಓದುತ್ತೇನೆ, ಬೇರೆಯವನ್ನು ಇನ್ನೂ ಶುರು ಮಾಡಿಲ್ಲ ಅಂದಳು. ಓರಗಿತ್ತಿ ಓದಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಒಂದು ಪ್ರತಿ ಅವಳ ಮನೆಯಲ್ಲಿದೆ.

ಈಗ ರೂತಳ ಕಥೆ ಹಿಡಿದಿದ್ದೇನೆ. ಬರ ಬಿದ್ದು ಊರು ಬಿಟ್ಟು ಹೋಗಿ, ಗಂಡಂದಿರನ್ನು ಕಳಕೊಂಡು ಬರುವ ಅತ್ತೆ ಸೊಸೆಯ ಕಥೆ. ಗುಳೆ ಹೋಗುವ ನಮ್ಮ ಸೀಮೆಯಲ್ಲಿ ಅದಕ್ಕೆ ಜಾಸ್ತಿ ವಿವರಣೆ ಬೇಡ. ನಾಲ್ಕೇ ಅಧ್ಯಾಯ, ಐದು ಫಾರಂ ಸಾಕಾಗಬಹುದು. ಅಕ್ಷರ 18 ಪಾಯಿಂಟ್ ಮಾಡು ಅಂತ ಸಭೆಯ ಮುದುಕಿಯರು ಕೇಳಿದ್ದಾರೆ, ಹಾಗಾದರೆ ಆರೇ ಆಗುತ್ತದೆ. ಡಿಟಿಪಿ ಅಂಗಡಿ ಮಾತ್ರ ಬೇರೆ ನೋಡಬೇಕು.